ಕಂಸಾಳೆಯೋ, ತಮಟೆಯೋ: ಮೊದಲು ಯಾವುದು ಕಲಿಯೋಣ?

ಜನಪದ ವಾದ್ಯದ ಉಚಿತ ಶಿಬಿರಕ್ಕೆ ಹೆಸರು ಕೊಡೋಣ ಅಂತಿರುವ ಮೈಸೂರು, ಮಂಡ್ಯದ ಗೆಳೆಯರು ಹೆಚ್ಚಾಗಿ ಕೇಳುವುದು ಈ ಎರಡರ ಬಗ್ಗೆಯೇ.

ತಮಟೆಯಲ್ಲಿ ಖುಷಿ ಬೇಗ ಸಿಗುತ್ತದೆ. ಒಂದು ಕೈಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳಗಿನ ಉದ್ದ ಕಡ್ಡಿ. ಒಂದು ಸರಳ ಗತ್ತು, ಅಂದರೆ ಬಡಿತದ ವರಸೆ, ಹಿಡಿದರೆ ಮೊದಲ ದಿನವೇ ಗುಂಪಿನ ಜೊತೆ ಬಾರಿಸಬಹುದು. ಚರ್ಮದ ತಮಟೆಯನ್ನು ಮಾತ್ರ ಬೆಂಕಿಗೆ ಹಿಡಿದು ಕಾಯಿಸಬೇಕು, ಮಳೆಗಾಲದಲ್ಲಿ ಪದೇ ಪದೇ. ಸದ್ದು ಜಾಸ್ತಿ, ಬಾಡಿಗೆ ಮನೆಯಲ್ಲಿ ಅಭ್ಯಾಸ ಕಷ್ಟ.

ಕಂಸಾಳೆ ಬೇರೆಯೇ ಲೋಕ. ಎಡಗೈಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಲಿ ದಾರದ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಬೀಸಿದ ತಾಳ ಬಟ್ಟಲಿಗೆ ಸರಿಯಾಗಿ ತಾಗಿ ಲಯಕ್ಕೆ ವಾಪಸ್ ಬರಬೇಕು. ನೋಡೋಕೆ ಸಲೀಸು, ಮಾಡಲು ಹೋದರೆ ಮಣಿಕಟ್ಟು ಸೋಲುತ್ತದೆ. ಮೊದಲು ಕೂತು ತಾಳ ಹಾಕಿ, ಬೀಸು ಕಂಸಾಳೆಯ ಕುಣಿತ ಆಮೇಲೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಭಕ್ತರಾದ ದೇವರಗುಡ್ಡರು ತಲೆಮಾರುಗಳಿಂದ ಹಾಡಿಕೊಂಡು ಬಂದ ಕಲೆ ಇದು. ಹಾಡು ಬಿಟ್ಟು ಸುಮ್ನೆ ಕೈಚಳಕ ಕಲಿತರೆ ಅರ್ಧವೇ ಸಿಕ್ಕಂತೆ, ಅಲ್ವಾ? ಶಿವರಾತ್ರಿ ಅಥವಾ ದೀಪಾವಳಿ ಜಾತ್ರೆಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ, ಅಲ್ಲಿ ಕೇಳಿ.

ನೀಲಗಾರರ ತಂಬೂರಿಯೂ ಇದೆ. ಅದು ಮಂಟೇಸ್ವಾಮಿ, ಸಿದ್ದಪ್ಪಾಜಿ ಎಂಬ ಜನಪದ ಸಂತರ ಕಥೆ ಹಾಡುವವರ ಜೊತೆಗಾರ. ಹಾಡುವ ಮನಸ್ಸಿದ್ದರೆ ಮಾತ್ರ ಹಿಡಿಯಿರಿ.

ಒಂದೇ ದಿನ ಬಿಡುವಿದ್ದರೆ, ಜೊತೆಗೆ ಮಕ್ಕಳಿದ್ದರೆ ತಮಟೆ. ತಿಂಗಳುಗಟ್ಟಲೆ ಪಟ್ಟು ಹಿಡಿದು ಕಲಿಯುವವರಿಗೆ ಕಂಸಾಳೆ. ನನ್ನ ಒಲವು ಕಂಸಾಳೆಗೇ. ಕಂಚಿನ ಜೋಡಿಯನ್ನು ತಕ್ಷಣ ಕೊಳ್ಳಬೇಡಿ. ಶಿಬಿರದವರದ್ದನ್ನೇ ಬಳಸಿ, ಕೈ ಒಗ್ಗಿದ ಮೇಲೆ ಕಲಿಸಿದವರನ್ನೇ ಕೇಳಿ, ತೂಕ ನೋಡಿ ತಗೊಳ್ಳಿ.