ಅಪ್ಪನ ಪೇಪರ್ ಶೇರು, ಪಿಬಿ ರೋಡಿನ ಬ್ರೋಕರ್ ಆಫೀಸು

ಅಪ್ಪ 1995ರ ಸುಮಾರಿಗೆ ತಗೊಂಡಿದ್ದ ನಾಲ್ಕು ಶೇರು ಸರ್ಟಿಫಿಕೇಟು ಬೀರುವಲ್ಲಿ ಎಲ್‌ಐಸಿ ಬಾಂಡಿನ ಕೆಳಗೆ ಬಿದ್ದಿದ್ವು. 2019ರ ಏಪ್ರಿಲ್‌ನಿಂದ ಪೇಪರ್ ಶೇರು ಮಾರಿ ಇನ್ನೊಬ್ರ ಹೆಸರಿಗೆ ಮಾಡೋಕೇ ಆಗಲ್ಲ, ಮೊದ್ಲು ಡಿಮ್ಯಾಟ್ ಮಾಡಿಸ್ಬೇಕು, ಅಂದ್ರೆ ಕಾಗದ ಕೊಟ್ಟು ಕಂಪ್ಯೂಟರ್ ಅಕೌಂಟಿಗೆ ಹಾಕಿಸ್ಬೇಕು ಅಂತ ನಂಗೆ ಗೊತ್ತಾಗಿದ್ದೇ ಹೋದ ವರ್ಷ. ಮೊಬೈಲ್ ಆಪ್‌ನಲ್ಲಿ ಅಕೌಂಟೇನೋ ಹತ್ತು ನಿಮಿಷಕ್ಕೆ ಆಗುತ್ತೆ, ಈ ಕಾಗದ ಯಾರ ಕೈಗೆ ಕೊಡೋದು ಹೇಳಿ? ಹಂಗಾಗಿ ದಾವಣಗೆರೆ ಪಿಬಿ ರೋಡಲ್ಲಿ ಮಹಡಿ ಮೇಲಿರೋ ಒಂದು ಬ್ರೋಕರ್ ಆಫೀಸಿಗೆ ಹೋದೆ. ಹೆಸರು ಬೇಡ, ಸುಮ್ನೆ ಜಗಳ.

ಒಳಗಿನ ಟೇಬಲ್ಲಲ್ಲಿ ಒಬ್ರು ರಿಟೈರ್ಡ್ ಬ್ಯಾಂಕಿನೋರು ಕೂತಿರ್ತಾರೆ. "ಬರ್ರಿ, ಕುಂದ್ರಿ" ಅಂದು ಸರ್ಟಿಫಿಕೇಟು ಟ್ಯೂಬ್‌ಲೈಟಿಗೆ ಹಿಡಿದು ಫೋಲಿಯೋ ನಂಬರ್ (ಕಂಪನಿ ಪುಸ್ತಕದಲ್ಲಿ ಶೇರುದಾರರ ಖಾತೆ ನಂಬರ್) ಮೇಲೆ ಬೆರಳಿಟ್ಟು ಓದಿದ್ರು. ಅಪ್ಪನ ಸಹಿ ಆಗ ಉದ್ದಕ್ಕೆ ಕನ್ನಡದಲ್ಲಿತ್ತು, ಈಗ ಕೈ ನಡುಗಿ ಇಂಗ್ಲಿಷಲ್ಲಿ ಎರಡೇ ಅಕ್ಷರ. "ಹಿಂಗೇ ಕಳ್ಸಿದ್ರೆ ವಾಪಸ್ ಬರ್ತೈತ್ರಿ" ಅಂತ ಸಹಿ ಖಚಿತಪಡಿಸೋ ಐಎಸ್‌ಆರ್-2 ಫಾರಂ ಕೊಟ್ಟು ಬ್ಯಾಂಕ್ ಮ್ಯಾನೇಜರ್ ಹತ್ರ ಸಹಿ, ಸೀಲು ಹಾಕಿಸ್ಕೊಂಡು ಬರೋಕೆ ಹೇಳಿದ್ರು, ಪ್ಯಾನ್ ವಿವರಕ್ಕೆ ಐಎಸ್‌ಆರ್-1 ಬೇರೆ. ಆಮೇಲೆ ಡಿಮ್ಯಾಟ್ ರಿಕ್ವೆಸ್ಟ್ ಫಾರಂ, ಕೊನೆಗೆ ಸರ್ಟಿಫಿಕೇಟಿನ ಮೇಲೆ 'ಸರೆಂಡರ್ಡ್' ಸ್ಟ್ಯಾಂಪು, ಅದೂ ನಂಬರ್ ಮುಚ್ಚದ ಹಾಗೆ ಮೂಲೆಗೆ, ಊದಿ ಒಣಗಿಸಿ.

ಕಾಯ್ತಿದ್ದಾಗ ಡಾ. ಆರ್.ಎಚ್. ಪಾಟೀಲರ ವಿಷ್ಯ ತೆಗೆದ್ರು. ಬೆಳಗಾವಿ ಜಿಲ್ಲೆಯೋರಂತೆ, ಐಡಿಬಿಐನಲ್ಲಿ ಅಧಿಕಾರಿ ಆಗಿದ್ದು ಎನ್‌ಎಸ್‌ಇ ಅನ್ನೋ ಶೇರು ಮಾರುಕಟ್ಟೆಯ ಮೊದಲ ಎಂಡಿ ಆದೋರು. 1994ರ ನವೆಂಬರಲ್ಲಿ ಅಲ್ಲಿ ಶೇರು ವ್ಯವಹಾರ ಶುರುವಾಗಿದ್ದು, ಬಾಂಬೆ ಶೇರುಪೇಟೆಯ ರಿಂಗೊಳಗೆ ನಿಂತು ಕೂಗಾಡೋದು ಬಿಟ್ಟು ಡಿಶ್ ಆಂಟೆನಾ ಹಾಕಿ ಊರೂರಿಗೆ ಒಂದೇ ರೇಟು ಸ್ಕ್ರೀನ್ ಮೇಲೆ ತಂದ್ರು, 1996ರಲ್ಲಿ ಶೇರುಗಳನ್ನ ಕಂಪ್ಯೂಟರಲ್ಲಿ ಇಟ್ಕೊಳ್ಳೋ ಎನ್‌ಎಸ್‌ಡಿಎಲ್ ಬಂದು ಈ ಡಿಮ್ಯಾಟ್ ಶುರುವಾಯ್ತು. ಮುಂದೆ ವ್ಯವಹಾರದ ಲೆಕ್ಕ ಚುಕ್ತಾ ಮಾಡೋ ಕ್ಲಿಯರಿಂಗ್ ಕಾರ್ಪೊರೇಷನ್ ಅಧ್ಯಕ್ಷರೂ ಆಗಿದ್ರು, 2012ರಲ್ಲಿ ತೀರ್ಕೊಂಡ್ರು. "ಅದಕ್ಕೂ ಮುಂಚೆ ಬ್ರೋಕರ್ ಹೇಳಿದ್ದೇ ರೇಟು ಕಣ್ರಿ, ನಾವು ಟ್ರಂಕ್ ಕಾಲ್ ಮಾಡಿ ಹೂಂ ಅನ್ನೋದಷ್ಟೇ." ಬಿಕಾಂ ಮಾಡಿದೀನಿ ನಾನು, ಈ ಹೆಸರು ಕೇಳಿದ್ದು ಅವತ್ತೇ.

ಇನ್ನು ಮುಂದಿನ ಕೌಂಟರಿನ ಹುಡುಗ್ರು. ಕೇಳದೇನೇ ಅಪ್ಪನ ಫಾರಂನಲ್ಲಿ ಎಫ್ ಅಂಡ್ ಓ (ಮುಂದಿನ ರೇಟಿನ ಮೇಲೆ ಪಣ ಕಟ್ಟೋ ಫ್ಯೂಚರ್ಸ್, ಆಪ್ಶನ್ಸ್) ಕಾಲಂಗೆ ಟಿಕ್ ಹಾಕಿದಾರೆ! 78 ವರ್ಷದ ಮನುಷ್ಯನಿಗೆ ನಿಫ್ಟಿ ಆಪ್ಶನ್ ಯಾಕ್ರಪ್ಪ? ಮೂರು ವರ್ಷದ ಲೆಕ್ಕ ಹಿಡಿದು ಆಡಿದ ನೂರು ಜನರಲ್ಲಿ 93 ಜನ ದುಡ್ಡು ಕಳ್ಕೊಂಡಿದಾರೆ ಅಂತ ಶೇರುಪೇಟೆ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದೆ. ನಾನು ಆ ಟಿಕ್ ಮೇಲೆ ಗೀಟು ಎಳೆದು ಪಕ್ಕದಲ್ಲಿ ಅಪ್ಪನ ಸಹಿ ಹಾಕಿಸ್ದೆ. ವರ್ಷದ ಚಾರ್ಜು ಇದೆ ಅನ್ನೋದೂ ದುಡ್ಡು ಕಟ್ ಆದ್ಮೇಲೇ ಗೊತ್ತಾಗಿದ್ದು.

ಒಂದೂವರೆ ತಿಂಗಳಿಗೆ ಮೂರು ಕಂಪನಿ ಶೇರು ಅಕೌಂಟಿಗೆ ಬಂದ್ವು, ನಾಲ್ಕನೇದು ಯಾವತ್ತೋ ಮುಚ್ಚಿಹೋಗಿದೆ, ಅಪ್ಪ ಅದನ್ನ ಫ್ರೇಮ್ ಹಾಕಿಸ್ತಾರಂತೆ.

ಒಳಗಿನ ಟೇಬಲ್ಲಿನ ಸರ್‌ಗೆ ಐದು ಸ್ಟಾರು, ಆಫೀಸಿಗೆ ಎರಡು. ಹೋಗೋರು ಮಾರ್ಕೆಟ್ ಮುಗಿದು ಮೂರೂವರೆ ಮೇಲೆ ಹೋಗಿ, ಅಲ್ಲಿವರೆಗೂ ಯಾರೂ ತಲೆ ಎತ್ತಲ್ಲ, ಕೆಳಗೆ ಮಂಡಕ್ಕಿ ಮಿರ್ಚಿ ಗಾಡಿ ಐತೆ. ಗುರುವಾರ ಸರ್ ಬರಲ್ಲ.