ಟೆಕ್ನೋರಾ ಕೋರ್ ಇರೋ ಪ್ರೂಸಿಕ್ ಕಾರ್ಡ್: ಶಕ್ತಿ ಬಗ್ಗೆ ಮಾತಿಲ್ಲ, ಕವರ್ ಬಗ್ಗೆ ಮಾತ್ರ ಸಿಟ್ಟು

ಹೋದ ವರ್ಷದ ಚಳಿಗಾಲದಿಂದ ಈ ಕಾರ್ಡನ್ನ, ಅಂದ್ರೆ ದೊಡ್ಡ ಹಗ್ಗಕ್ಕೆ ಸುತ್ತಿ ಹಿಡಿಯೋ ಪ್ರೂಸಿಕ್ ಗಂಟಿಗೆ ಬಳಸೋ ಸಣ್ಣ ಹಗ್ಗವನ್ನ, ರಾಪೆಲ್ ಬ್ಯಾಕಪ್‌ಗೆ (ಹಗ್ಗ ಹಿಡಿದು ಬಂಡೆ ಇಳಿಯೋವಾಗ ಕೈ ತಪ್ಪಿದ್ರೆ ತಡೆಯೋಕೆ) ಬಳಸ್ತಾ ಇದ್ದೆ, ಹೆಚ್ಚಾಗಿ ರಾಮನಗರ, ಸಾವನದುರ್ಗ, ನಡುವೆ ಬಾದಾಮಿ. ಬ್ರ್ಯಾಂಡ್ ಹೆಸರು ಹಾಕಲ್ಲ, ಯಾಕಂದ್ರೆ ತಕರಾರು ಇರೋದು ಒಂದು ಕಂಪನಿ ಮೇಲಲ್ಲ, ಒಳಗಿನ ಕೋರ್ ಟೆಕ್ನೋರಾ (ಅರಾಮಿಡ್ ಅನ್ನೋ ಗಟ್ಟಿ ನಾರಿನ ಒಂದು ಬಗೆ), ಹೊರಗಿನ ಕವರ್ ನೈಲಾನ್ ಅಂತ ಹೆಣೆಯೋ ಈ ಪದ್ಧತಿ ಮೇಲೇನೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಹಗುರ, ಹಾರ್ನೆಸ್‌ಗೆ ನೇತು ಹಾಕಿದ್ರೆ ಇದೆ ಅಂತಾನೇ ಗೊತ್ತಾಗಲ್ಲ. ಆ್ಯಂಕರ್ (ಹಗ್ಗವನ್ನ ಬಂಡೆಗೆ ಭದ್ರ ಮಾಡೋ ಜಾಗ) ಕಟ್ಟೋಕಂತೂ ಸೂಪರ್. ಸಾಮಾನ್ಯ 6 ಮಿಲಿಮೀಟರ್ ನೈಲಾನ್ ಕಾರ್ಡ್‌ಗೆ ಯುರೋಪಿನ ಇಎನ್ 564 ಮಾನದಂಡದ ಪ್ರಕಾರ ಕನಿಷ್ಠ 7.2 ಕಿಲೋನ್ಯೂಟನ್ (1 ಅಂದ್ರೆ ಹೆಚ್ಚುಕಮ್ಮಿ 100 ಕೆಜಿ ಭಾರ) ಶಕ್ತಿ ಇರ್ಬೇಕು, ಇದು ಹೆಚ್ಚುಕಮ್ಮಿ ಅಷ್ಟೇ ದಪ್ಪದಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಹೊರತ್ತೆ. ಆ ನಂಬರ್ ನೋಡಿದ್ರೆ ಯಾರಿಗಾದ್ರೂ ಆಸೆ ಆಗತ್ತೆ.

ಆದ್ರೆ ಆ ನಂಬರ್ ಪೂರ್ತಿ ಕೋರ್‌ದು. ಟೆಕ್ನೋರಾ 4–5% ಹಿಗ್ಗೋ ಹೊತ್ತಿಗೆ ಕಿತ್ತೇ ಹೋಗತ್ತೆ, ನೈಲಾನ್ ಅದಕ್ಕಿಂತ ಎಷ್ಟೋ ಪಟ್ಟು ಹಿಗ್ಗೋ ವಸ್ತು. ಎರಡನ್ನೂ ಸೇರಿಸಿ ಎಳೆದ್ರೆ ಕವರ್‌ಗೆ ಇನ್ನೂ ಸರಿಯಾಗಿ ಬಿಗಿ ಬಂದಿರಲ್ಲ, ಅಷ್ಟರಲ್ಲಿ ಕೋರ್ ಕಥೆ ಮುಗಿದಿರತ್ತೆ. ಅಂದ್ರೆ ಕೋರಿನ ಶಕ್ತಿ, ಕವರಿನ ಶಕ್ತಿ ಅಂತ ಕೂಡಿಸಿ ಲೆಕ್ಕ ಹಾಕೋ ಹಾಗಿಲ್ಲ. ಪೂರ್ತಿ ನೈಲಾನ್ ಕಾರ್ಡಲ್ಲಿ ಒಳಗೂ ಹೊರಗೂ ಒಂದೇ ದಾರ, ಒಟ್ಟಿಗೆ ಹಿಗ್ಗತ್ತೆ, ಭಾರ ಹಂಚ್ಕೊಳ್ಳತ್ತೆ.

ನನಗೆ ನಿಜವಾಗ್ಲೂ ತಲೆ ಕೆಟ್ಟಿದ್ದು ಬಿಸಿ ವಿಷಯದಲ್ಲಿ. ಟೆಕ್ನೋರಾ ಕರಗೋದೇ ಇಲ್ಲ, 500 ಡಿಗ್ರಿ ಹತ್ರ ಹೋದ್ಮೇಲೆ ಸುಟ್ಟು ಹಾಳಾಗತ್ತೆ ಅಷ್ಟೇ. ಸರಿ, ಆದ್ರೆ ಅದನ್ನ ಇಟ್ಟಿರೋದೆಲ್ಲಿ, ಒಳಗೆ! ಆಟೋಬ್ಲಾಕ್ (ಹಗ್ಗಕ್ಕೆ ಸುತ್ತಿ ಹಾಕೋ ಪ್ರೂಸಿಕ್ ತರದ್ದೇ ಗಂಟು) ಹಾಕಿ ಇಳಿಯೋವಾಗ ಹಗ್ಗಕ್ಕೆ ಉಜ್ಜೋದು ಹೊರಗಿನ ನೈಲಾನ್, ನೈಲಾನ್ 6 ಆದ್ರೆ 220 ಡಿಗ್ರಿಗೇ ಕರಗತ್ತೆ. ಸಾವನದುರ್ಗದ ಉದ್ದ ಸ್ಲ್ಯಾಬ್‌ಗಳಲ್ಲಿ ಒಂದೇ ಸಮ ಇಳಿದು ಕೆಳಗೆ ಬಂದು ಮುಟ್ಟಿ ನೋಡಿದ್ರೆ, ಸುತ್ತು ಹಾಕಿದ ಜಾಗದಲ್ಲಿ ಕವರ್ ಹೊಳೀತಿತ್ತು, ಉಗುರಲ್ಲಿ ಕೆರೆದ್ರೆ ಪ್ಲಾಸ್ಟಿಕ್ ಹಾಳೆ ತರ ಗಟ್ಟಿ. ಹಾಗೆ ಗ್ಲೇಜ್ ಆದ ಕವರ್ ಹಗ್ಗವನ್ನ ಮೊದಲಿನ ಹಾಗೆ ಹಿಡಿಯಲ್ಲ. ಮರ ಹತ್ತಿ ಕೆಲಸ ಮಾಡೋ ಆರ್ಬರಿಸ್ಟ್‌ಗಳು ದಿನವಿಡೀ ಹಿಚ್ (ಹಗ್ಗ ಹಿಡಿಯೋ ಇಂಥ ಸುತ್ತುಗಂಟು) ಮೇಲೇ ಜೀವ ಇಟ್ಟಿರ್ತಾರೆ, ಅವರ ಕಾರ್ಡ್‌ಗಳಲ್ಲಿ ಅರಾಮಿಡ್ ದಾರ ಕವರ್‌ನಲ್ಲೇ ಇರೋದು ಜಾಸ್ತಿ. ಅದು ಬುದ್ಧಿವಂತಿಕೆ.

ಇನ್ನು ಬಿಗಿ. ಕೋರ್ ಗಡಸು, ಹಗ್ಗ ಸಣ್ಣದಾದ್ರೆ ಮೂರು ಸುತ್ತಿಗೆ ಕಚ್ಚಲ್ಲ, ನಾಲ್ಕು ಐದು ಬೇಕು, ಐದಾದ್ರೆ ಕೆಳಗೆ ತಳ್ಕೊಂಡು ಇಳಿಯೋದು ಬೇರೆ ಕಷ್ಟ. ಜೋಡಿ ಹಗ್ಗದಲ್ಲಿ ಪರವಾಗಿಲ್ಲ. ಲೂಪ್ ಕಟ್ಟೋಕೂ ನೈಲಾನಿಗೆ ಡಬಲ್ ಫಿಶರ್‌ಮ್ಯಾನ್ ಗಂಟು ಸಾಕಾಗ್ತಿತ್ತು, ಇದಕ್ಕೆ ಟ್ರಿಪಲ್, ಅದು ಹೆಬ್ಬೆರಳಿಗಿಂತ ದಪ್ಪ ಗಂಟು.

ದಿನಾ ಹೊರಡೋ ಮುಂಚೆ ನನ್ನದೊಂದು ಅಭ್ಯಾಸ ಇದೆ, ಲೂಪನ್ನ ಬೆರಳ ನಡುವೆ ಹಾಕಿ ನಿಧಾನಕ್ಕೆ ಒಂದು ಸುತ್ತು ಎಳೀತೀನಿ, ಇಂಚು ಇಂಚಿಗೂ ಮಡಚಿ ನೋಡ್ತೀನಿ, ಎಲ್ಲಾದ್ರೂ ಮೆತ್ತಗೆ ಸಿಗತ್ತಾ, ಮಡಿಕೆ ಚೂಪಾಗಿ ಬೀಳತ್ತಾ ಅಂತ. ಬಾದಾಮಿಯಿಂದ ಬಂದ್ರೆ ಆ ಕೆಂಪು ಮರಳು ಹೆಣಿಗೆ ಒಳಗೆಲ್ಲ ಹೋಗಿರತ್ತೆ, ಉಗುರುಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪು, ಬಕೆಟ್ ನೀರು ಟೀ ಬಣ್ಣ ಬಿಡೋದು ನಿಲ್ಲೋ ತನಕ ಹಿಂಡಿ, ಬಾಲ್ಕನಿ ಬಿಸಿಲಿಗಲ್ಲ, ಬಾತ್‌ರೂಮ್ ಹ್ಯಾಂಗರಿಗೆ ನೇತು ಹಾಕ್ತೀನಿ. ಮನೇಲಿ ಬೈತಾರೆ, ಬೈಲಿ. ಹೀಗೆ ನೋಡ್ತಿರೋವಾಗ್ಲೇ ಸಿಕ್ಕಿದ್ದು, ಗಂಟಿನ ಹತ್ರ ಕವರ್ ಜಾರಿದ ಸಾಕ್ಸ್ ತರ ಮುದುಡಿ ಕೂತಿತ್ತು.

ನೈಲಾನ್ ಹಾಳಾದ್ರೆ ಸಾಮಾನ್ಯವಾಗಿ ಎದ್ದು ಕಾಣತ್ತೆ, ನೂಲು ಏಳತ್ತೆ, ಬಣ್ಣ ಹೋಗತ್ತೆ. ಇಲ್ಲಿ ಕವರ್ ಚೆನ್ನಾಗೇ ಇದ್ದು ಒಳಗೆ ಅರಾಮಿಡ್ ಸೋತಿರಬಹುದು, ಯಾಕಂದ್ರೆ ಅದಕ್ಕೆ ಮತ್ತೆ ಮತ್ತೆ ಬಾಗೋದು ಆಗಿಬರಲ್ಲ, ಹಿಚ್ ಅಂದ್ರೆ ಬಾಗೋದೇ ಕೆಲಸ. ಗಂಟು ಬಿಚ್ಚದೆ ಒಂದೇ ಜಾಗದಲ್ಲಿ ಬಿಟ್ರಂತೂ ಇನ್ನೂ ಬೇಗ. ಬೆರಳಿಗೆ ಎಲ್ಲಾ ಸಿಗತ್ತೆ ಅನ್ನೋ ನಂಬಿಕೆ ನನಗಿಲ್ಲ.

ರಾಪೆಲ್ ಬ್ಯಾಕಪ್‌ಗೆ ಬರೋದು ಮೈಭಾರ, ನನ್ನಂಥೋರಿಗೆ 1 ಕಿಲೋನ್ಯೂಟನ್ ಒಳಗೆ, ಅದೂ ಲೂಪಿನ ಎರಡು ಎಳೆಗೆ ಹಂಚಿ. ಗಂಟಲ್ಲಿ ಒಂದಷ್ಟು ಶಕ್ತಿ ಹೋದ್ರೂ 7.2 ಬೇಕಾದಷ್ಟಾಯ್ತು, ಹಿಚ್ ಕೂಡ ಕಿತ್ತುಹೋಗೋಕೆ ಮುಂಚೆ ಸಾಮಾನ್ಯವಾಗಿ ಜಾರತ್ತೆ. ಈಗ ಪ್ರೂಸಿಕ್‌ಗೆ ಮೆತ್ತನೆ 6 ಮಿಲಿಮೀಟರ್ ನೈಲಾನ್, ಮೀಟರ್ ಲೆಕ್ಕದಲ್ಲಿ ತಗೊಂಡು ಅನುಮಾನ ಬಂದ ದಿನವೇ ಕತ್ತರಿಸಿ ಎಸೀತೀನಿ, ಆ ದುಡ್ಡಿಗೆ ಹೊಟ್ಟೆ ಉರಿಯಲ್ಲ. ಟೆಕ್ನೋರಾ ಹೊಸದು ತಗೊಂಡ್ರೆ ಆ್ಯಂಕರ್‌ಗೆ ಮಾತ್ರ. ಹಿಚ್ ಹಾಕಿದ ಈ ಹಳೇದನ್ನ ತುಂಡು ಮಾಡಿ ಬಟ್ಟೆ ಒಣಗಿಸೋಕೆ ಕಟ್ಟಾಗಿದೆ, ಸೆಕೆಂಡ್ ಹ್ಯಾಂಡ್ ಕೊಡ್ತೀರಾ ಅಂತ ದಯವಿಟ್ಟು ಮೆಸೇಜ್ ಮಾಡ್ಬೇಡಿ.