ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ತಗೊಳ್ಳೋರು ಮೊದಲು ಮುಚ್ಚಳ ತೆಗೆಸಿ ನೋಡಿ

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಡ್ರೋನ್ ಸರ್ವೆ ಆಫೀಸು. ಸಾವಿರಾರು ಫೋಟೋ ಜೋಡಿಸಿ ಜಮೀನಿನ ನಕ್ಷೆ ಮಾಡುವ ಕೆಲಸ, ಪ್ರೊಸೆಸರ್ ಎಷ್ಟಿದ್ದರೂ ಸಾಲದು. ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ 2ಯು ಸರ್ವರ್ (ಚೌಕಟ್ಟಿನಲ್ಲಿ ಕೂರಿಸುವ, ಸುಮಾರು ಮೂರೂವರೆ ಇಂಚು ಎತ್ತರದ ಚಪ್ಪಟೆ ಕಂಪ್ಯೂಟರ್) ತರಿಸಿದೆವು. ಅದರಲ್ಲಿ ಮೊದಲಿದ್ದದ್ದು ಎರಡು ಇಂಟೆಲ್ ಕ್ಸಿಯಾನ್ ಸಿಲ್ವರ್ 4110 ಪ್ರೊಸೆಸರ್. "ಸಾಕೆಟ್ ಒಂದೇ ಸಾರ್, ದೊಡ್ಡದು ಹಾಕಿ ಕೊಡ್ತೀವಿ" ಅಂತ ಗೋಲ್ಡ್ 6154 ಕೂರಿಸಿ ಕಳಿಸಿದರು.

ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎರಡಕ್ಕೂ ಒಂದೇ ಬಗೆಯದು, ನಿಜ. ಆದರೆ 4110ಕ್ಕೆ 85 ವ್ಯಾಟ್, 6154ಕ್ಕೆ 200 ವ್ಯಾಟ್. ಎರಡು ಪ್ರೊಸೆಸರ್ ಸೇರಿ 400 ವ್ಯಾಟ್ ಶಾಖ ಹೊರಗೆ ಹೋಗಬೇಕು. ಇದನ್ನು ನಾನು ಮೊದಲೇ ನೋಡಬೇಕಿತ್ತು, ನೋಡಲಿಲ್ಲ.

ಏಪ್ರಿಲ್ ಬಂತು. ನಮ್ಮೂರ ಬಿಸಿಲು ಗೊತ್ತಲ್ಲ. ಆರು ಗಂಟೆಯ ಕೆಲಸ ಹದಿನಾಲ್ಕು ಗಂಟೆ ಹಿಡಿಯತೊಡಗಿತು. ಸಾಫ್ಟ್‌ವೇರಿನ ದೋಷ ಅಂದುಕೊಂಡು ಒಂದು ವಾರ ಕಳೆದೆವು. ಪ್ರೊಸೆಸರ್ ಕಾವು ತಾಳದೆ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು ಅಂತ ಆಮೇಲೆ ತಿಳಿಯಿತು. ರ‍್ಯಾಕಿನ ಹಿಂದೆ ಕೈ ಇಟ್ಟರೆ ಬೆಲ್ಲದ ಗಾಣದ ಒಲೆ ಮುಂದೆ ನಿಂತ ಹಾಗೆ ಧಗೆ. ಆಗ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆವು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ರ‍್ಯಾಕ್ ಸರ್ವರಿನಲ್ಲಿ ಗಾಳಿ ಮುಂದಿನಿಂದ ಒಳಬಂದು ಹಿಂದಕ್ಕೆ ಹೋಗಬೇಕು. ಪ್ರೊಸೆಸರ್ ಮೇಲೆ ಕಾವು ಹೀರಿ ಬಿಡಲು ಕೂರಿಸಿದ ಲೋಹದ ಹೀಟ್‌ಸಿಂಕಿಗೆ ಸ್ವಂತ ಫ್ಯಾನೇ ಇಲ್ಲ, ಆ ಹರಿವೇ ಅದರ ಜೀವ. ಮುಚ್ಚಳ ತೆಗೆದರೆ ಗಾಳಿ ಅರ್ಧದಲ್ಲೇ ಮೇಲೆದ್ದು ಹೋಗುತ್ತದೆ.

ಸಂಜೆ ಏಳಕ್ಕೆ ಆಫೀಸಿಗೆ ಬೀಗ ಹಾಕುವಾಗ ರೂಢಿಯಂತೆ ಎಸಿ ಆರಿಸುತ್ತಿದ್ದೆವು. ಒಂದು ರಾತ್ರಿ ಕೆಲಸ ನಡೆಯುತ್ತಿದ್ದಾಗಲೇ ಸರ್ವರ್ ಆಫ್ ಆಯಿತು. ಸರ್ವರಿನ ದಾಖಲೆಯಲ್ಲಿ (ಲಾಗ್) ಎರಡನೇ ಪ್ರೊಸೆಸರಿನ ಥರ್ಮಲ್ ಟ್ರಿಪ್, ಅಂದರೆ ಕಾವು ಮಿತಿ ಮೀರಿ ತಾನೇ ಆಫ್ ಆದದ್ದು. ಪ್ರಾಜೆಕ್ಟ್ ಫೈಲ್ ಕೆಟ್ಟು, ಎಂಟು ದಿನದ ಕೆಲಸ ಹೋಯಿತು.

ಬಿಚ್ಚಿ ನೋಡಿದರೆ ಹೀಟ್‌ಸಿಂಕ್ ಹಳೆಯ 85 ವ್ಯಾಟಿನದೇ, ಗಿಡ್ಡದ್ದು. ಅದರ ಮೇಲೆ ಮೂರು ಬೆರಳು ಹಿಡಿಸುವಷ್ಟು ಖಾಲಿ ಜಾಗ. ಗಾಳಿಯನ್ನು ಹೀಟ್‌ಸಿಂಕಿನೊಳಗೆ ತಳ್ಳುವ ಕಪ್ಪು ಪ್ಲಾಸ್ಟಿಕ್ ಹೊದಿಕೆಯೇ ಇಲ್ಲ, ಹಾಗಾಗಿ ಗಾಳಿ ಆ ಖಾಲಿ ಜಾಗದಲ್ಲೇ ಸಾಗಿಹೋಗುತ್ತಿತ್ತು. ಪ್ರೊಸೆಸರಿಗೂ ಅದಕ್ಕೂ ನಡುವೆ ಕಾವು ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಫ್ಯಾನುಗಳೂ ಸಾಮಾನ್ಯದವು, ಇಷ್ಟು ವ್ಯಾಟಿಗೆ ಹೆಚ್ಚು ವೇಗದವು ಬೇಕು ಅಂತ ತಯಾರಕರ ಕೈಪಿಡಿಯಲ್ಲೇ ಇತ್ತು.

ರ‍್ಯಾಮಿನ ಕಥೆಯೂ ಹೀಗೇ. ಈ ಪ್ರೊಸೆಸರಿಗೆ ತಲಾ ಆರು ಮೆಮೊರಿ ಚಾನೆಲ್, ಅಂದರೆ ರ‍್ಯಾಮಿಗೆ ಹೋಗಿಬರುವ ದಾರಿ. ನಮಗೆ ತಲಾ ಎರಡೇ ಪಟ್ಟಿ ಹಾಕಿ ಕೊಟ್ಟಿದ್ದರು, ಅಂದರೆ ತಲಾ ನಾಲ್ಕು ಚಾನೆಲ್ ಖಾಲಿ. ಹೆಚ್ಚಿಗೆ ಅಂತ ನಾನು ತಂದದ್ದು ಎಲ್ಆರ್‌ಡಿಮ್, ಒಳಗಿದ್ದದ್ದು ಆರ್‌ಡಿಮ್. ಇವು ಸರ್ವರ್ ರ‍್ಯಾಮಿನ ಎರಡು ಬೇರೆ ಬಗೆ, ಬೆರೆಸುವ ಹಾಗಿಲ್ಲ. ಸರ್ವರ್ ಆನ್ ಆಗಲೇ ಇಲ್ಲ.

ಅಂಗಡಿಯವರು "ಮಾಲು ವಾಪಸ್ ಇಲ್ಲ" ಅಂದುಬಿಟ್ಟರು. ಎತ್ತರದ ಹೀಟ್‌ಸಿಂಕ್, ಫ್ಯಾನ್, ಹೊದಿಕೆ ಎಲ್ಲ ನಾವೇ ಬೇರೆ ಕೊಂಡೆವು. ಕೊಳ್ಳುವ ಮುಂಚೆ ಪ್ರೊಸೆಸರಿನ ವ್ಯಾಟ್ ಕೇಳಿ, ಮುಚ್ಚಳ ತೆಗೆಸಿ ಹೀಟ್‌ಸಿಂಕು, ಹೊದಿಕೆಯ ಫೋಟೋ ಕಳಿಸಲು ಹೇಳಿ. ಪೂರ್ತಿ ಲೋಡಿನಲ್ಲಿ ಒಂದು ಗಂಟೆ ಓಡಿಸಿ ಪ್ರೊಸೆಸರಿನ ಕಾವು ತೋರಿಸಲು ಕೇಳಿ. ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ. ನಮ್ಮ ಸರ್ವರ್ ರೂಮಿನ ಎಸಿ ಈಗ ರಾತ್ರಿಯೂ ಓಡುತ್ತದೆ, ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದೇವೆ.